ನಗೆ-ನಾದಗಳ ನಡುವೆ ಡಡ್ಲಿ ಮೂರ್

ಇಂಗ್ಲೆಂಡಿನ ಡಡ್ಲಿ ಮೂರ್ ಅವರನ್ನು ಬಹುಮಂದಿ ಬಲ್ಲುದು ಹಾಲಿವುಡ್ಡಿನ ಹಾಸ್ಯನಟರೆಂದು. ಐದು ಅಡಿಗಿಂತ ಸ್ವಲ್ಪವೇ ಎತ್ತರದ ದೇಹ, ತುಸು ಕುಂಟುವ ನಡಿಗೆ, ಚೇಷ್ಟೆ ತುಂಬಿದ ಕಣ್ಣು. ಆದರೆ ನನಗೆ ಅವರು ಮೊದಲು ಸಂಗೀತಗಾರರು, ಅನಂತರವೇ ನಟರು. ಅವರ ಬಾಳಿನ ಸುಖವೂ ದುಃಖವೂ ಅವರ ಹತ್ತು ಬೆರಳುಗಳಲ್ಲಿದ್ದವೆಂದು ನಾನು ಬಗೆದಿದ್ದೇನೆ.

ಅವರು ಹುಟ್ಟಿದ್ದು 1935ರ ಏಪ್ರಿಲ್ 19ರಂದು, ಲಂಡನ್ನಿನಲ್ಲಿ. ಬೆಳೆದದ್ದು ಆ ನಗರದ ಪೂರ್ವ ಅಂಚಿನ ಡೇಗನ್‌ಹ್ಯಾಮ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ತಂದೆ ರೈಲ್ವೆಯಲ್ಲಿ ವಿದ್ಯುತ್ ಕೆಲಸಗಾರ. ಮಗು ಹುಟ್ಟುವಾಗಲೇ ಪಾದಗಳು ತಿರುಚಿಕೊಂಡಿದ್ದವು. ಎಡಗಾಲು ಮಂಡಿಯ ಕೆಳಗೆ ಸೊರಗಿತ್ತು. ಬಾಲ್ಯದ ಎಷ್ಟೋ ದಿನಗಳು ಆಸ್ಪತ್ರೆಯ ಹಾಸಿಗೆಯಲ್ಲಿ, ಶಸ್ತ್ರಚಿಕಿತ್ಸೆಗಳ ನಡುವೆ ಕಳೆದವು. ಶಾಲೆಯ ಹುಡುಗರು ಗೇಲಿಮಾಡುವ ಮೊದಲೇ ತಾನೇ ಅವರನ್ನು ನಗಿಸಿಬಿಟ್ಟರೆ ಏಟು ತಪ್ಪುತ್ತದೆಂಬ ಉಪಾಯವನ್ನು ಆ ಬಾಲಕ ಬೇಗನೆ ಕಂಡುಕೊಂಡನು. ಮನೆಯ ಪಿಯಾನೋ ಅವನ ಇನ್ನೊಂದು ಆಸರೆ. ಹನ್ನೊಂದರ ವಯಸ್ಸಿಗೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ವಿದ್ಯಾರ್ಥಿವೇತನ ದೊರೆಯಿತು. ಮುಂದೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಆರ್ಗನ್ ವಾದಕನ ವಿದ್ಯಾರ್ಥಿವೇತನದ ಮೇಲೆಯೇ ಪ್ರವೇಶ ಪಡೆದರು.

ಇಲ್ಲೊಂದು ಮಾತನ್ನು ಓದುಗರು ಗಮನಿಸಬೇಕು. ಚರ್ಚುಗಳಲ್ಲಿರುವ ಆರ್ಗನ್ ನಮ್ಮ ಹಾರ್ಮೋನಿಯಂನಂತೆ ಕೈಗಳಿಂದಷ್ಟೇ ನುಡಿಯುವ ವಾದ್ಯವಲ್ಲ. ಅದರ ಕೆಳಗೆ ಸಾಲಾಗಿ ಮರದ ಪಟ್ಟಿಗಳಿರುತ್ತವೆ. ಮಂದ್ರ ಸ್ವರಗಳನ್ನು ಎರಡೂ ಪಾದಗಳಿಂದ ಅವುಗಳ ಮೇಲೆ ನುಡಿಸಬೇಕು. ಸೊಟ್ಟ ಪಾದದ ಹುಡುಗನೊಬ್ಬ ಆ ವಾದ್ಯದಲ್ಲಿಯೇ ಪ್ರಾವೀಣ್ಯ ಪಡೆದು ಆಕ್ಸ್‌ಫರ್ಡ್ ತಲುಪಿದ್ದಕ್ಕೆ ಎಷ್ಟು ಹಟ ಬೇಕಾಗಿದ್ದಿರಬಹುದು!

1960ರ ಎಡಿನ್‌ಬರೋ ಉತ್ಸವದಲ್ಲಿ ಪೀಟರ್ ಕುಕ್, ಅಲನ್ ಬೆನೆಟ್, ಜೊನಾಥನ್ ಮಿಲ್ಲರ್ ಅವರೊಡನೆ 'ಬಿಯಾಂಡ್ ದ ಫ್ರಿಂಜ್' ಎಂಬ ವಿಡಂಬನೆಯ ಪ್ರದರ್ಶನ ನೀಡಿದರು. ಅದು ಲಂಡನ್ನನ್ನೂ ಅನಂತರ ನ್ಯೂಯಾರ್ಕನ್ನೂ ಗೆದ್ದಿತು. ಅದರಲ್ಲಿ ಮೂರ್ ಪಿಯಾನೋದ ಮುಂದೆ ಕುಳಿತು ಸೈನಿಕರು ಸಿಳ್ಳೆಹಾಕುವ ಒಂದು ಸಾಧಾರಣ ಧಾಟಿಯನ್ನು ಸಾಕ್ಷಾತ್ ಬೀಥೋವನ್ನನ ಸೊನಾಟಾ ಎಂಬಷ್ಟು ಗಾಂಭೀರ್ಯದಿಂದ ವಿಸ್ತರಿಸುತ್ತಿದ್ದರು. ತಮಾಷೆಯಿರುವುದು ಕೊನೆಯಲ್ಲಿ. ಮುಕ್ತಾಯವಾಯಿತೆನ್ನುವಾಗ ಮತ್ತೆ ಮೊದಲಾಗುತ್ತದೆ. ವಾದಕ ಬೆವರುತ್ತಾನೆ, ನಿಲ್ಲಿಸಲಾರ. ತಬಲಾದವರ ತಿಹಾಯಿ ಸಮಕ್ಕೆ ಬಾರದೆ ಸುತ್ತುತ್ತಲೇ ಇದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಬೀಥೋವನ್ನನನ್ನು ಅರೆದು ಕುಡಿದವನಿಗಲ್ಲದೆ ಇಂಥ ಹಾಸ್ಯ ಸಾಧ್ಯವಿಲ್ಲ.

ಜಾಝ್ ಸಂಗೀತದಲ್ಲಿ ಅವರದೇ ಮೂವರ ಮೇಳವಿತ್ತು. ಕುಕ್ ಅವರೊಡನೆ ಬಿ.ಬಿ.ಸಿ.ಯಲ್ಲಿ 1965ರಿಂದ ನಡೆಸಿದ ಹಾಸ್ಯಮಾಲೆ ಮನೆಮಾತಾಯಿತು. ಅದರ ಬಹಳಷ್ಟು ಟೇಪುಗಳನ್ನು ಸಂಸ್ಥೆ ಆಮೇಲೆ ಅಳಿಸಿಹಾಕಿದ್ದು ದುರ್ದೈವ. 1967ರ 'ಬಿಡ್ಯಾಝ್ಡ್' ಚಿತ್ರದಲ್ಲಿ ನಟನೆಯೂ ಅವರದೇ, ಸಂಗೀತವೂ ಅವರದೇ. 1979ರ 'ಟೆನ್' ಚಿತ್ರ ಅವರನ್ನು ತಾರೆಯನ್ನಾಗಿಸಿತು. 1981ರ 'ಆರ್ಥರ್' ಚಿತ್ರದಲ್ಲಿ ಸದಾ ಕುಡಿದು ತೂರಾಡುವ ಶ್ರೀಮಂತನ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆಯಿತು. ನಾಲ್ಕು ಬಾರಿ ಮದುವೆಯಾದರು, ನಾಲ್ಕೂ ಮುರಿದವು. ಆ ಪುಟಗಳನ್ನು ಇಲ್ಲಿ ತೆರೆಯುವ ಅಗತ್ಯವಿಲ್ಲ. 1991ರಲ್ಲಿ ವಾದ್ಯವೃಂದ ನಿರ್ದೇಶಕ ಜಾರ್ಜ್ ಶೋಲ್ಟಿ ಅವರೊಡನೆ ಜನಸಾಮಾನ್ಯರಿಗೆ ವಾದ್ಯವೃಂದದ ಪರಿಚಯ ಮಾಡಿಕೊಟ್ಟ ದೂರದರ್ಶನ ಮಾಲೆಯೇ ಈ ಚಿತ್ರಗಳಿಗಿಂತ ಮೇಲೆಂದು ನನ್ನ ಅಭಿಪ್ರಾಯ.

1990ರ ದಶಕದ ನಡುವಿನಲ್ಲಿ ಅವರ ಮಾತು ತೊದಲತೊಡಗಿತು, ನಡಿಗೆ ತಪ್ಪತೊಡಗಿತು. ಸಂಭಾಷಣೆ ನೆನಪಿಗೆ ಬಾರದೆ 1996ರಲ್ಲಿ ತೆರೆಕಂಡ ಚಿತ್ರವೊಂದರ ಪಾತ್ರ ಕೈತಪ್ಪಿತು. ಕುಡುಕನ ಪಾತ್ರದಿಂದ ಹೆಸರಾದವರಲ್ಲವೇ? ಕುಡಿತವೇ ಕಾರಣವೆಂದು ಜನ ಆಡಿಕೊಂಡರು. ಮಿದುಳಿನ ಕೋಶಗಳು ಕ್ರಮೇಣ ನಶಿಸುವ ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ವಿರಳ ರೋಗ ತಮಗೆ ತಗುಲಿದೆಯೆಂದು 1999ರ ಸೆಪ್ಟೆಂಬರಿನಲ್ಲಿ ಅವರೇ ಪ್ರಕಟಿಸಿದ ಮೇಲಷ್ಟೇ ಆ ಬಾಯಿಗಳು ಮುಚ್ಚಿದವು.

ಆ ರೋಗದ ಹೆಸರನ್ನು ನಾನು ಕೇಳಿದ್ದು ನಮ್ಮ ಬಳಗದ ಹಿರಿಯರೊಬ್ಬರಿಂದಾಗಿ. ಅವರು ನಿವೃತ್ತ ಶಿಕ್ಷಕರು. ಎಲೆಅಡಿಕೆಯ ಹೊರತು ಬೇರೆ ಅಭ್ಯಾಸವಿಲ್ಲದವರು. ಕಾರಣವಿಲ್ಲದೆ ಹಿಮ್ಮುಖವಾಗಿ ಬೀಳತೊಡಗಿದರು. ದೃಷ್ಟಿ ಕೆಳಗಿಳಿಯದು, ಮೆಟ್ಟಿಲು ಕಾಣದು, ಎಲೆಯ ಮೇಲಿನ ಅನ್ನವೂ ಕಾಣದು. ಮದುವೆಯೊಂದರಲ್ಲಿ ಅವರು ಮುಗ್ಗರಿಸಿದಾಗ "ಮಾಸ್ತರು ಈ ವಯಸ್ಸಿನಲ್ಲಿ ಶುರುಮಾಡಿದರೇ?" ಎಂದು ಯಾರೋ ಪಿಸುಗುಟ್ಟಿದ್ದು ಅವರ ಮಡದಿಯ ಕಿವಿಗೆ ಬಿತ್ತು. ಆ ತಾಯಿ ಅಂದಿನಿಂದ ಅವರನ್ನು ಯಾವ ಸಮಾರಂಭಕ್ಕೂ ಕರೆತರಲಿಲ್ಲ. ಮೊದಲು ನೋಡಿದ ವೈದ್ಯರು ಪಾರ್ಕಿನ್ಸನ್ ಕಾಯಿಲೆಯೆಂದಿದ್ದರು. ಈ ರೋಗದಲ್ಲಿ ಹಾಗಾಗುವುದು ಸಾಮಾನ್ಯವಂತೆ. ಇದನ್ನು ವಾಸಿಮಾಡುವ ಔಷಧಿ ಇಂದಿಗೂ ಬಂದಿಲ್ಲ. ಬಿದ್ದು ಪೆಟ್ಟಾಗದಂತೆ, ಆಹಾರ ಶ್ವಾಸನಾಳಕ್ಕಿಳಿಯದಂತೆ ಮನೆಯವರು ಎಚ್ಚರ ವಹಿಸಬೇಕು. ಬುದ್ಧಿ ಮಂದವಾದಂತೆ ಮುಖ ಕಂಡರೂ ಒಳಗೆ ರೋಗಿಗೆ ಬಹುಪಾಲು ತಿಳಿಯುತ್ತಿರುತ್ತದೆ. ಆ ಹಿರಿಯರ ಎದುರಿಗೇ ಅವರ ಕುರಿತು ಮಾತಾಡುತ್ತಿದ್ದವರನ್ನು ಮೊಮ್ಮಗಳು ಗದರಿಸಿದ್ದು ನನಗೆ ಇಂದಿಗೂ ಮೆಚ್ಚುಗೆ.

ಮೂರ್ ಅವರು ಈ ಸ್ಥಿತಿಯಲ್ಲಿಯೂ ನಗೆಯನ್ನು ಬಿಡಲಿಲ್ಲ. ಲಕ್ಷಕ್ಕೊಬ್ಬರಿಗೆ ಬರುವ ರೋಗವಂತೆ, ತಮ್ಮ ನಟರ ಸಂಘದಲ್ಲಿ ಲಕ್ಷ ಸದಸ್ಯರಿದ್ದಾರೆ, ಆದ್ದರಿಂದ ತಾವೊಬ್ಬರು ಅದನ್ನು ವಹಿಸಿಕೊಂಡು ಉಳಿದವರನ್ನು ಕಾಪಾಡಿದಂತಾಯಿತು ಎಂಬರ್ಥದ ಮಾತನ್ನು ಹೇಳಿದರು. ಆದರೆ ಬೆರಳುಗಳು ಮಾತು ಕೇಳದಾದದ್ದು ಅವರಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು. ಪಿಯಾನೋ ಎದುರಿಗಿದೆ, ಸ್ವರಗಳೆಲ್ಲ ತಲೆಯಲ್ಲಿವೆ, ಕೈ ಬಾರದು.

ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡವರು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಪಿಯಾನೋ ವಾದಕಿ ಮಿತ್ರೆ ರೀನಾ ಫ್ರುಕ್ಟರ್ ಮತ್ತು ಅವರ ಕುಟುಂಬದವರು. ಆಸ್ಪತ್ರೆ, ಆಶ್ರಮಗಳಲ್ಲಿ ಇರುವವರ ಬಳಿಗೆ ಸಂಗೀತವನ್ನು ಒಯ್ಯುವ ಅವರ ಸಂಸ್ಥೆಯೊಂದಿಗೆ ಮೂರ್ ಮೊದಲಿನಿಂದಲೂ ಇದ್ದರು. 2001ರಲ್ಲಿ ಸಿ.ಬಿ.ಇ. ಪದಕ ಸ್ವೀಕರಿಸಲು ಗಾಲಿಕುರ್ಚಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಬಂದರು, ಮಾತಾಡಲಾಗಲಿಲ್ಲ. 2002ರ ಮಾರ್ಚ್ 27ರಂದು, 66ನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಬೀಥೋವನ್ ವಿಡಂಬನೆಯ ಧ್ವನಿಮುದ್ರಣ ಉಳಿದಿದೆ, ಕೇಳಲು ಸಿಗುತ್ತದೆ.