ಡ್ಯಾಂ ತುಂಬಿದೆ ಸರಿ, ಕೊನೇ ಹೊಲಕ್ಕೆ ನೀರು ತರೋರು ಯಾರು?

ಇವತ್ತಿನ ಬರಹ ಸ್ವಲ್ಪ ಉದ್ದ ಐತೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ವಾಣಿವಿಲಾಸ ಸಾಗರ, ಅಂದ್ರೆ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ 89 ವರ್ಷ ಬಿದ್ದಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ 130 ಅಡಿ ಮುಟ್ಟಿತು. ಅದಕ್ಕೆ ಕೆಲವೇ ವರ್ಷ ಮೊದಲು ಡ್ಯಾಂ ತಳ ಕಂಡು, ಹಿರಿಯೂರು, ಹೊಸದುರ್ಗದ ಕಡೆ ತೆಂಗಿನ ಮರಗಳ ಸುಳಿ ಒಣಗಿದ್ದನ್ನೂ ನೋಡಿದವರು ನಾವು. ಹಂಗಾಗಿ ನೀರು ಬಂದಿದ್ದು ಸಣ್ಣ ಮಾತಲ್ಲ. ಆದ್ರೆ ಡ್ಯಾಂ ತುಂಬಿದ ಮೇಲೂ ನಾಲೆ ಕೊನೇಲಿ ತೋಟ ಇರೋರು ಟ್ಯಾಂಕರ್ ಲೆಕ್ಕ ಹಾಕ್ತಾ ಕೂತಿದ್ರೆ ಅದಕ್ಕೆ ಮಳೆರಾಯನನ್ನ ಬೈದು ಪ್ರಯೋಜನ ಇಲ್ಲ.

ಈ ಡ್ಯಾಂ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗೀತು. ಸುಮಾರು 30 ಟಿಎಂಸಿ ಹಿಡಿಯುತ್ತೆ. ಎಡದಂಡೆ, ಬಲದಂಡೆ ಸೇರಿ ಅಚ್ಚುಕಟ್ಟು ಹೆಚ್ಚುಕಮ್ಮಿ 30,000 ಎಕರೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಗೆ ಕುಡಿಯೋ ನೀರೂ ಇಲ್ಲಿಂದಲೇ. ಎಷ್ಟು ದಿನ ನೀರು ಬಿಡಬೇಕು ಅನ್ನೋದು ನೀರಾವರಿ ಸಲಹಾ ಸಮಿತಿಯಲ್ಲಿ ತೀರ್ಮಾನ ಆಗುತ್ತೆ. ಅಲ್ಲಿವರೆಗೆ ಎಲ್ಲರೂ ಹೋರಾಟಕ್ಕೆ ಬರ್ತೀವಿ. ನಾಲೆಗೆ ನೀರು ಬಿಟ್ಟ ಮರುದಿನದಿಂದ ಅವರವರ ಪಾಡು ಅವರವರಿಗೆ. ನಾಲೆಗೆ ರಾತ್ರೋರಾತ್ರಿ ಪೈಪ್ ಇಳಿಯುತ್ತೆ, ತೂಬಿನ ಹಲಗೆ ಮಾಯ ಆಗುತ್ತೆ, ಕೊನೇ ಹೊಲದೋನು ಟಾರ್ಚ್ ಹಿಡ್ಕೊಂಡು ನಾಲೆ ಉದ್ದಕ್ಕೂ ನಡೀತಾನೆ.

ಜಗಳ ಬಿಟ್ಟು ಒಂದು ಲೆಕ್ಕ ನೋಡೋಣ. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಗೆ ಒಂದು ಇಂಚು ನಿಲ್ಲುತ್ತೆ. ಇದೊಂದು ನೆನಪಿದ್ರೆ ಸಾಕು. ಒಂದು ತೂಬಿನ ಕೆಳಗೆ 40 ಎಕರೆ ಐತೆ, ಒಂದು ಕ್ಯೂಸೆಕ್ ಬರ್ತೈತೆ ಅಂತಿಟ್ಕೊಳ್ಳಿ. ಎಲ್ಲರಿಗೂ 3 ಇಂಚು ಕೊಡೋಕೆ 120 ಗಂಟೆ, ಅಂದ್ರೆ 5 ಹಗಲು 5 ರಾತ್ರಿ ಬೇಕು. ಎಕರೆಗೆ 3 ಗಂಟೆ. ಈಗ ಮೇಲಿನ 10 ಎಕರೆಯವರು 3 ದಿನ ತೂಬು ಬಿಡದೆ ಹಿಡ್ಕೊಂಡ್ರು ಅನ್ನಿ. ಅವರಿಗೆ 7 ಇಂಚಿನ ಮೇಲೆ ಆಯ್ತು. ಉಳಿದ 30 ಎಕರೆಗೆ ಒಂದೂವರೆ ಇಂಚು ಚಿಲ್ಲರೆ. ದಾರೀಲಿ ಇಂಗಿ ಹೋಗೋದು ಬೇರೆ. ಮೇಲಿನವರಿಗಾದ್ರೂ ಲಾಭ ಆಯ್ತಾ? ಬೇರಿನಿಂದ ಕೆಳಗಿಳಿದ ನೀರು ಹಾಕಿದ ಗೊಬ್ಬರಾನೂ ತಗೊಂಡು ಹೋಗುತ್ತೆ. ಎರೆ ಭೂಮಿ ಆದ್ರೆ ನೀರು ನಿಂತು ನಿಂತು ಚೌಳು ಏಳುತ್ತೆ.

ನಿಮ್ಮ ಕಾಲುವೇಲಿ ಎಷ್ಟು ಬರ್ತಿದೆ ಅಂತ ತಿಳಿಯೋಕೆ ಇಂಜಿನಿಯರ್ ಬೇಕಾಗಿಲ್ಲ. ನೇರ ಇರೋ ಜಾಗದಲ್ಲಿ 20 ಅಡಿ ಅಳೆದು ಎರಡು ಗೂಟ ಹೊಡೀರಿ. ಒಂದು ಒಣ ಎಲೆ ಬಿಟ್ಟು ಮೊಬೈಲ್‌ನಲ್ಲಿ ಸೆಕೆಂಡ್ ನೋಡಿ. ಕಾಲುವೆ 2 ಅಡಿ ಅಗಲ, ನೀರು ಅರ್ಧ ಅಡಿ ಆಳ, ಎಲೆ 16 ಸೆಕೆಂಡಿಗೆ ದಾಟಿತು ಅಂದ್ರೆ ಮೇಲ್ನೀರು ಸೆಕೆಂಡಿಗೆ ಒಂದೂಕಾಲು ಅಡಿ ಓಡ್ತಿದೆ. ತಳದಲ್ಲಿ, ಪಕ್ಕದಲ್ಲಿ ನಿಧಾನ ಇರೋದರಿಂದ ನೂರಕ್ಕೆ 80 ಹಿಡಿದರೆ ಹತ್ತತ್ರ ಒಂದು ಕ್ಯೂಸೆಕ್. ನಾಲ್ಕು ಜನರ ಮುಂದೆ ಹಿಂಗೆ ಅಳೆದ ಮೇಲೆ "ನಂಗೆ ನೀರೇ ಬಂದಿಲ್ಲ ಕಣಣ್ಣ", "ನಿಂಗೇ ಜಾಸ್ತಿ ಹೋಗೈತೆ" ಅನ್ನೋ ಮಾತಿಗೆ ಒಂದು ಕೊನೆ ಸಿಗುತ್ತೆ.

ಹಂಚಿಕೊಳ್ಳೋದು ನಮಗೆ ಹೊಸದೇನಲ್ಲ. ನಮ್ಮ ಕೆರೆಗಳಲ್ಲಿ ನೀರುಗಂಟಿ ಇದ್ದ. ತೂಬು ಎತ್ತೋದು, ಇಳಿಸೋದು ಅವನ ಕೆಲಸ. ತನ್ನ ಹೊಲಕ್ಕೆ ಅಂತ ಗೌಡ ಬಂದರೂ ತೂಬು ಮುಟ್ಟೋ ಹಂಗಿರಲಿಲ್ಲ ಅಂತ ನಮ್ಮ ಅಜ್ಜ ಹೇಳೋರು. ಸುಗ್ಗೀಲಿ ಕಣದಲ್ಲೇ ಅವನಿಗೆ ಆಯ ಅಳೆದು ಕೊಡ್ತಿದ್ರು. ನೀರು ಕಮ್ಮಿ ಇದ್ದ ವರ್ಷ ಊರವರು ಕೂತು ಈ ಸಲ ಇಷ್ಟೇ ಜಮೀನು ನೆಡೋದು ಅಂತ ಮೊದಲೇ ತೀರ್ಮಾನ ಮಾಡ್ತಿದ್ರು. ಬೋರ್‌ವೆಲ್ ಬಂತು, ಕೆರೆ ನೀರಿಗೆ ಕಾಯೋರು ಕಮ್ಮಿ ಆದ್ರು, ಆ ಕಟ್ಟುಪಾಡೂ ಸಡಿಲ ಆಯ್ತು.

ಕಾನೂನು ಇಲ್ವಾ ಅಂದ್ರೆ ಐತೆ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ಆಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಸಿಕ್ತು. ನಿಗಮದಿಂದ ನೀರು ತಗೊಂಡು ಹೊಲಕ್ಕೆ ಹಂಚೋದು, ಸಣ್ಣ ಕಾಲುವೆ ನೋಡ್ಕೊಳ್ಳೋದು, ನೀರಿನ ಕರ ವಸೂಲಿ ಮಾಡೋದು ಸಂಘದ ಕೆಲಸ. ಎಷ್ಟೋ ಕಡೆ ಸಂಘ ರಿಜಿಸ್ಟರ್ ಆಗಿ ಬೋರ್ಡೂ ಬಿದ್ದೈತೆ. ನಮ್ಮ ಕಡೆ ಸಂಘದ ಕಥೇನೂ ಅಷ್ಟೇ. ಷೇರು ಕಟ್ಟಿದ ರಸೀದಿ ನನ್ನ ಹತ್ರ ಐತೆ, ಸರದಿ ಪಟ್ಟಿ ಕೇಳಿದ್ರೆ ಯಾರ ಹತ್ರಾನೂ ಇಲ್ಲ. ಸಭೆ ಕರೆದರೆ ಮೇಲಿನ ಹೊಲದೋರು ಬರಲ್ಲ, ಅವರಿಗೆ ನೀರು ಹೆಂಗೂ ಬರುತ್ತೆ. ಕೊನೇ ಹೊಲದೋರೂ ಬರಲ್ಲ, ಬಂದು ಏನಾಗ್ಬೇಕು ಅಂತಾರೆ. ಹೋದ ಸಲ ಸಭೇಲಿ ನಮ್ಮ ಪಕ್ಕದ ತೋಟದ ಮಾವ ಒಬ್ಬರೇ ಎದ್ದು, "ನೀರು ಕೆಳಗಿಂದ ಮೇಲಕ್ಕೆ ಹಂಚ್ರಪ್ಪ, ಮೇಲಿನೋರಿಗೆ ತಪ್ಪಲ್ಲ" ಅಂದ್ರು. ನನಗೆ ಅದೇ ಸರಿ ಅನ್ಸುತ್ತೆ. ಕೊನೇ ಹೊಲದಿಂದ ಸರದಿ ಶುರು ಮಾಡಿದ್ರೆ ಆ ನೀರು ಮುಟ್ಟೋವರೆಗೂ ಕಾಲುವೆ ಸರಿ ಇರಲೇಬೇಕು. ಹೂಳು, ಜಾಲಿ ತೆಗೆಯೋಕೆ ಎಲ್ಲರೂ ಸಲಿಕೆ ಹಿಡೀಬೇಕಾಗುತ್ತೆ.

ಇದನ್ನ ಈಗಲೇ ಬರೀತಿರೋಕೆ ಕಾರಣ ಭದ್ರಾ ಮೇಲ್ದಂಡೆ. ತುಂಗಾದಿಂದ 17.4 ಟಿಎಂಸಿ ಭದ್ರಾಕ್ಕೆ, ಭದ್ರಾದಿಂದ 29.9 ಟಿಎಂಸಿ ನಮ್ಮ ಕಡೆಗೆ ಎತ್ತೋ ಯೋಜನೆ ಅದು. 2.25 ಲಕ್ಷ ಹೆಕ್ಟೇರಿಗೆ ಹನಿ, ತುಂತುರು ನೀರಾವರಿ ಅಂತ ಲೆಕ್ಕ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗದ ರೈತರು ಕಾಯ್ತಿರೋದೇ ಅದಕ್ಕೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆ ಆಗಿದ್ದಕ್ಕೆ ಇವತ್ತಿಗೂ ಹೋರಾಟ ನಡೀತಾನೇ ಐತೆ, ನಡೀಲೇಬೇಕು. ಆದ್ರೆ ಹನಿ ನೀರಾವರಿಯ ಪೈಪ್ ಹತ್ತಾರು ಜನಕ್ಕೆ ಒಂದೇ. ಮೊದಲನೆಯವನು ವಾಲ್ವ್ ಪೂರ್ತಿ ತೆಗೆದರೆ ಕೊನೆಯವನ ಲ್ಯಾಟರಲ್‌ನಲ್ಲಿ ಪ್ರೆಷರ್ರೇ ಇರಲ್ಲ. ಕಾಲುವೇಲಿ ಕಳ್ಳತನ ಆದ್ರೆ ಕಣ್ಣಿಗಾದ್ರೂ ಕಾಣುತ್ತೆ, ಪೈಪಿನೊಳಗೆ ಅದೂ ಕಾಣಲ್ಲ. ತೆರೆದ ಕಾಲುವೆ ಹಂಚಿಕೊಳ್ಳೋಕೆ ಬರದೋರು ಮುಚ್ಚಿದ ಪೈಪ್ ಹೆಂಗೆ ಹಂಚಿಕೊಳ್ತೀವಿ?

ಹಿನ್ನೀರಿನ ಕಡೆ ಹೊಸದುರ್ಗ ತಾಲ್ಲೂಕಿನ ರೈತರನ್ನೂ ಮರೀಬಾರದು. ಡ್ಯಾಂ ತುಂಬಿದಾಗ ನಮಗೆ ಹಬ್ಬ, ಅವರಿಗೆ ತೋಟಕ್ಕೆ ನೀರು ನುಗ್ಗೋ ಚಿಂತೆ. ಅವರೂ ನಾವೂ ಒಂದೇ ಸಭೇಲಿ ಕೂತು ಮಾತಾಡಿದ್ರೆ ಅಷ್ಟು ಎದುರುಬದುರು ಆಗೋ ಅಗತ್ಯ ಇರಲ್ಲ.

ಮುಂದಿನ ಸಲ ನೀರು ಬಿಡೋದರೊಳಗೆ ಮೂರು ಕೆಲಸ ಆಗ್ಬೇಕು. ಒಂದು, ಪ್ರತಿ ತೂಬಿನ ಕೆಳಗೆ ಯಾರ್ಯಾರದು ಎಷ್ಟೆಷ್ಟು ಎಕರೆ ಅಂತ ಪಟ್ಟಿ ಬರೆದು ಎಕರೆಗೆ ಇಷ್ಟು ಗಂಟೆ ಅಂತ ಹಾಕಿ, ಕೊನೇ ಹೊಲದಿಂದ ಸರದಿ ಶುರು ಮಾಡೋದು. ಎರಡು, ಆ ಪಟ್ಟೀನ ಎಲ್ಲರೂ ಓದೋ ಹಂಗೆ ದೇವಸ್ಥಾನದ ಗೋಡೆಗೋ ಡೈರಿ ಬಾಗಿಲಿಗೋ ಅಂಟಿಸೋದು. ಮೂರು, ಎಲ್ಲರೂ ದುಡ್ಡು ಹಾಕಿ ಒಬ್ಬ ನೀರುಗಂಟಿಯನ್ನ ಇಡೋದು. ರಾತ್ರಿ ಪಾಳಿ ಯಾವಾಗಲೂ ಅದೇ ಮನೆಗೆ ಬೀಳದಂಗೆ ಪ್ರತಿ ಸುತ್ತಿಗೂ ಬದಲಾಯಿಸಬೇಕು.

ಇದಕ್ಕೆ ಯಾರ ಆರ್ಡರೂ ಬೇಕಾಗಿಲ್ಲ. ಪಟ್ಟಿ ಬರೆಯೋಕೆ ನಾನು ತಯಾರಿದ್ದೀನಿ. ನಮ್ಮ ತೂಬಿನವರು ಪಹಣಿ ತಗೊಂಡು ಬನ್ನಿ. ಬೇರೆ ಕಡೆಯೋರು, ನಿಮ್ಮಲ್ಲಿ ಸರದಿ ಹೆಂಗೆ ನಡೀತೈತೆ, ರಾತ್ರಿ ಪಾಳಿ ಯಾರು ಕಾಯ್ತಾರೆ ಅಂತ ಬರೆದು ತಿಳಿಸಿ.