ಬಹುಮಾನದ ಮೂರು ಪೆಟ್ಟಿಗೆಗಳು

1996ರ ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ತಿಪಟೂರಿನ ಒಂದು ಹಂಚಿನ ಮನೆಯ ಮುಂದೆ ಟೆಂಪೋ ಬಂದು ನಿಂತಿತು. ಅದರಿಂದ ಇಳಿದದ್ದು ಮೂರು ದೊಡ್ಡ ರಟ್ಟಿನ ಪೆಟ್ಟಿಗೆಗಳು. ಒಂದರಲ್ಲಿ ಕಲರ್ ಟಿವಿ, ಇನ್ನೊಂದರಲ್ಲಿ ವಿಸಿಆರ್, ಎಲ್ಲಕ್ಕಿಂತ ದೊಡ್ಡದರಲ್ಲಿ ಬಟ್ಟೆ ಒಗೆಯುವ ಯಂತ್ರ. ದೀಪಾವಳಿಗೆ ಜವಳಿ ಅಂಗಡಿಯಲ್ಲಿ ಬಟ್ಟೆ ಕೊಂಡಾಗ ಕೊಟ್ಟ ಕೂಪನ್ನನ್ನು ಮನೆಯಾಕೆ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟು ಮರೆತಿದ್ದರು. ಅದೇ ಕೂಪನ್ನಿಗೆ ಮೊದಲ ಬಹುಮಾನ ಬಂದಿತ್ತು.

ಸಂಜೆಯ ಹೊತ್ತಿಗೆ ಬೀದಿಯ ಅರ್ಧ ಜನ ಆ ಮನೆಯ ಜಗಲಿಯಲ್ಲಿದ್ದರು. 'ಪುಣ್ಯವಂತರು, ಒಂದು ಕಾಸು ಖರ್ಚಿಲ್ಲದೆ ಬಂತು' ಎಂದು ಎಲ್ಲರೂ ಹೇಳಿದರು. ಕಾಸಿನ ಲೆಕ್ಕ ಮರುದಿನದಿಂದ ಶುರುವಾಯಿತು. ಟಿವಿಗೆ ಆಂಟೆನಾ ಬೇಕು, ಅದನ್ನು ನಿಲ್ಲಿಸಲು ಕಬ್ಬಿಣದ ಕೊಳವೆ ಬೇಕು. ವೋಲ್ಟೇಜು ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರ್ ಬೇಕು. ಇಟ್ಟುಕೊಳ್ಳಲು ಮೇಜು ಬೇಕು. ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದ ಯಜಮಾನರು ತಿಂಗಳ ಕೊನೆಯಲ್ಲಿ ಸಾಲ ಮಾಡಿ ಇವನ್ನೆಲ್ಲ ಹೊಂದಿಸಿದರು. ಪುಕ್ಕಟೆ ಬಂದ ಆನೆಗೂ ಕಬ್ಬು ಕೊಂಡೇ ಹಾಕಬೇಕಲ್ಲ!

ಯಾವ ಪೆಟ್ಟಿಗೆಯನ್ನು ಮೊದಲು ಬಿಚ್ಚಬೇಕು ಎಂಬ ಚರ್ಚೆಯೇ ನಡೆಯಲಿಲ್ಲ. ಟಿವಿ ಮೊದಲ ದಿನವೇ ನಡುಮನೆಗೆ ಬಂತು. ವಿಸಿಆರ್ ಎರಡನೆಯ ವಾರ ಅದರ ಕೆಳಗೆ ಕುಳಿತಿತು. ಬಟ್ಟೆ ಒಗೆಯುವ ಯಂತ್ರ ಮಾತ್ರ ಬಚ್ಚಲ ಮನೆಯ ಪಕ್ಕದ ಹಜಾರದಲ್ಲಿ ನಿಂತು, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಹೊತ್ತುಕೊಂಡಿತು. ಅದರ ಪಕ್ಕದಲ್ಲೇ ಮನೆಯಾಕೆ ದಿನವೂ ಐದು ಜನರ ಬಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿ ಒಗೆಯುತ್ತಿದ್ದರು.

ಹಾಗೆಂದು ಅದನ್ನು ಯಾರೂ ಮುಟ್ಟಿರಲಿಲ್ಲವೆಂದಲ್ಲ. ಬಂದ ಹೊಸದರಲ್ಲಿ ಮನೆಯಾಕೆಯ ತಮ್ಮ ಬಂದು ಚಾಲೂ ಮಾಡಿ ತೋರಿಸಿದ್ದ. ಯಂತ್ರದ ಪ್ಲಗ್ಗಿಗೆ ಮೂರು ಪಿನ್ನು; ಹಜಾರದಲ್ಲಿದ್ದ ಸಾಕೆಟ್ಟಿಗೆ ಎರಡೇ ತೂತು. ಆತ ಅಂಗಡಿಯಿಂದ ಒಂದು ಪರಿವರ್ತಕ ತಂದು ಸಿಕ್ಕಿಸಿದ. ಯಂತ್ರ ಗುಂಯ್‌ಗುಟ್ಟಿತು. ಬಕೆಟ್ಟಿನಿಂದ ನೀರು ಹಾಕಲು ಮನೆಯಾಕೆ ಕೈ ಇಟ್ಟಾಗ ಬೆರಳ ತುದಿ ಜುಮ್ಮೆಂದಿತು. 'ಒದ್ದೆ ಕೈ ಅಲ್ಲವೇ, ಹಾಗೇ ಆಗುತ್ತೆ' ಎಂದರು ಯಜಮಾನರು. 'ನಿನಗೆ ಭಯ, ಅಷ್ಟೇ' ಎಂದ ತಮ್ಮ. ಆಕೆ ಮತ್ತೆ ಅದರ ಹತ್ತಿರ ಹೋಗಲಿಲ್ಲ. ಕಸೂತಿ ಬಟ್ಟೆ ಹೊದಿಸಿದ್ದೂ ಆಕೆಯೇ.

ನಡುಮನೆಯಲ್ಲಿ ಈ ನಡುವೆ ಬೇರೆಯೇ ಪಾಠಗಳು ನಡೆಯುತ್ತಿದ್ದವು. ನಾಲ್ಕನೆಯ ತರಗತಿಯ ಮಗ ರಿಮೋಟನ್ನು ಟಿವಿಯ ಕಡೆ ತಿರುಗಿಸದೆ ಎದುರಿನ ಬೀರುವಿನ ಕನ್ನಡಿಗೆ ಹಿಡಿದು ಚಾನೆಲ್ ಬದಲಿಸುವುದನ್ನು ಕಂಡುಹಿಡಿದ. ಅಜ್ಜಿಗೆ ಅದು ಮಾಟದಂತೆ ಕಂಡಿತು. ಅದು ಮಾಟವಲ್ಲ, ಬೆಳಕು. ರಿಮೋಟಿನ ತುದಿಯಲ್ಲಿರುವ ಪುಟ್ಟ ದೀಪ ಸುಮಾರು 940 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಕಿರಣಗಳನ್ನು ಚೆಲ್ಲುತ್ತದೆ. ನಮ್ಮ ಕಣ್ಣಿಗೆ ಸುಮಾರು 700 ನ್ಯಾನೊಮೀಟರಿನಾಚೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ಕನ್ನಡಿಗೆ ಆ ಭೇದವಿಲ್ಲ; ಈ ಬೆಳಕನ್ನೂ ಅದು ಹಿಂದಿರುಗಿಸುತ್ತದೆ. ಇಂದಿನ ಮಕ್ಕಳು ರಿಮೋಟಿನ ಗುಂಡಿ ಒತ್ತಿ ಮೊಬೈಲ್ ಫೋನಿನ ಕ್ಯಾಮೆರಾದಲ್ಲಿ ಅದರ ತುದಿಯನ್ನು ನೋಡಿದರೆ, ಅನೇಕ ಫೋನುಗಳಲ್ಲಿ ಆ ದೀಪ ಮಿನುಗುವುದು ಕಾಣುತ್ತದೆ.

ಅದೇ ಹುಡುಗ ಇನ್ನೊಂದು ದಿನ ಹಾಳಾದ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಟಿವಿಯ ಗಾಜಿಗೆ ಹಿಡಿದ. ವಾರ್ತೆ ಓದುವವರ ಕೆನ್ನೆ ಹಸಿರಾಯಿತು, ಹಣೆ ನೇರಳೆಯಾಯಿತು. ಅಯಸ್ಕಾಂತ ತೆಗೆದರೂ ಕಲೆ ಹೋಗಲಿಲ್ಲ. ಟಿವಿ ಕೆಟ್ಟೇಹೋಯಿತೆಂದು ಹುಡುಗ ಊಟ ಬಿಟ್ಟು ಕೂತ. ಆ ಕಾಲದ ಚಿತ್ರನಳಿಗೆಯಲ್ಲಿ ಗಾಜಿನ ಹಿಂದೆ ಸಾವಿರಾರು ರಂಧ್ರಗಳ ತೆಳುವಾದ ಲೋಹದ ಜಾಲರಿ ಇರುತ್ತಿತ್ತು. ಅದು ಅಯಸ್ಕಾಂತವಾಗಿಬಿಟ್ಟರೆ ಎಲೆಕ್ಟ್ರಾನುಗಳು ದಾರಿ ತಪ್ಪಿ ಬೇರೆ ಬಣ್ಣದ ಚುಕ್ಕೆಗೆ ಬಡಿಯುತ್ತಿದ್ದವು. ಟಿವಿಯನ್ನು ಹೊತ್ತಿಸಿದಾಗಲೆಲ್ಲ ನಳಿಗೆಯ ಸುತ್ತಲಿನ ಒಂದು ಸುರುಳಿ ಕ್ಷಣಕಾಲ ಕೆಲಸಮಾಡಿ ಜಾಲರಿಯ ಕಾಂತತ್ವವನ್ನು ಅಳಿಸುತ್ತಿತ್ತು. ಮೂರು ದಿನ ಆರಿಸಿ ಹೊತ್ತಿಸುವಷ್ಟರಲ್ಲಿ ಕಲೆ ಮಾಯವಾಯಿತು, ಹುಡುಗನ ಹಸಿವೂ ಮರಳಿತು.

ವಿಸಿಆರ್ ಮಾತ್ರ ಯಾರಿಗೂ ಬಗ್ಗಲಿಲ್ಲ. ಕ್ಯಾಸೆಟ್ ಹಾಕಿ ಸಿನಿಮಾ ನೋಡುವುದು ಸುಲಭ. ಆದರೆ ಅದರ ಮುಖದ ಮೇಲಿನ ಗಡಿಯಾರ ಹಗಲೂ ರಾತ್ರಿ ನಾಲ್ಕು ಸೊನ್ನೆಗಳನ್ನು ಮಿಟುಕಿಸುತ್ತಲೇ ಇತ್ತು. 'ಗಡಿಯಾರ ಗೋಡೆ ಮೇಲಿದೆಯಲ್ಲ' ಎಂದು ಯಜಮಾನರು ಅದನ್ನು ಲೆಕ್ಕಿಸಲಿಲ್ಲ. ಜೊತೆಗೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದರು. ಓದಲು ಕೈಗೆ ಸಿಗದಷ್ಟು ಜೋಪಾನವಾಗಿ!

ಆ ವರ್ಷದ ಮಾರ್ಚ್ 9, ಶನಿವಾರ, ಬೆಂಗಳೂರಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಕ್ವಾರ್ಟರ್ ಫೈನಲ್. ಭಾರತ ಮತ್ತು ಪಾಕಿಸ್ತಾನ ಎದುರುಬದುರು. ಅದೇ ದಿನ ಅರಸೀಕೆರೆಯಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ತಪ್ಪಿಸುವಂತಿಲ್ಲ. ಯಜಮಾನರು ಮೂರು ಗಂಟೆಯ ಹೊಸ ಕ್ಯಾಸೆಟ್ ತಂದು, ಪಂದ್ಯದ ಎರಡನೆಯ ಭಾಗ ತಾನಾಗಿ ರೆಕಾರ್ಡ್ ಆಗುವಂತೆ ಗುಂಡಿಗಳನ್ನೆಲ್ಲ ಒತ್ತಿ, ಮನೆಗೆ ಬೀಗ ಹಾಕಿ ಎಲ್ಲರನ್ನೂ ಕರೆದುಕೊಂಡು ಹೊರಟರು. ಭಾರತ 39 ರನ್ನುಗಳಿಂದ ಗೆದ್ದ ಸುದ್ದಿ ರಾತ್ರಿ ಬರುವ ದಾರಿಯಲ್ಲಿ ತಿಳಿಯಿತು. ಅಮೀರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿ ಕೆಣಕಿದ್ದು, ಮುಂದಿನ ಚೆಂಡಿನಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ವಿಕೆಟ್ ಕಿತ್ತಿದ್ದು, ಎಲ್ಲವನ್ನೂ ಜನ ಬಾಯಲ್ಲೇ ಆಡಿ ತೋರಿಸುತ್ತಿದ್ದರು. ಯಜಮಾನರು ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಕ್ಯಾಸೆಟ್ ಹಿಂದಕ್ಕೆ ಸುತ್ತಿಸಿ ಹಾಕಿದರು. ಪರದೆಯ ಮೇಲೆ ಬರೀ ಚುಕ್ಕೆಗಳು. ಗಡಿಯಾರ ಸೊನ್ನೆಗಳನ್ನು ಮಿಟುಕಿಸುತ್ತಿತ್ತು.

ಮರುದಿನ ಯಜಮಾನರು ಯಾರೊಡನೆಯೂ ಮಾತಾಡಲಿಲ್ಲ. ಒಂಬತ್ತನೆಯ ತರಗತಿಯ ಮಗಳು ಮಾತ್ರ ಬೀರುವಿನಿಂದ ಕೈಪಿಡಿಯನ್ನು ತೆಗೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಬಂದು ಹೇಳಿದಳು: 'ಅಪ್ಪಾ, ಮೆಷಿನ್ನಿನದೇನೂ ತಪ್ಪಿಲ್ಲ. ಸಂಜೆ ಶುರುಮಾಡು ಅಂತ ನೀವು ಹೇಳಿದಿರಿ. ಈಗ ಎಷ್ಟು ಗಂಟೆ ಅಂತಲೇ ಅದಕ್ಕೆ ಯಾರೂ ಹೇಳಿರಲಿಲ್ಲ.'

ಯಜಮಾನರು ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬೈಯಬಹುದಿತ್ತು. ಬೈಯಲಿಲ್ಲ. 'ಕರೆಂಟ್ ಹೋದಾಗಲೆಲ್ಲ ಅದು ಮರೆತುಬಿಡುತ್ತಾ?' ಎಂದು ಕೇಳಿದರು. 'ಹೂಂ, ಪ್ರತಿ ಸಲ ಹೇಳಿಕೊಡಬೇಕು' ಎಂದಳು. ಆ ದಿನದಿಂದ ಗಡಿಯಾರ ಸರಿಮಾಡುವ ಕೆಲಸ ಅವಳದಾಯಿತು. ಯಜಮಾನರು ಬೀರುವಿನಿಂದ ಇನ್ನೊಂದು ಕೈಪಿಡಿಯನ್ನೂ ತೆಗೆದು ಅವಳ ಕೈಗೆ ಕೊಟ್ಟರು. 'ಇದನ್ನೂ ಓದಿಬಿಡು.' ಅದು ಬಟ್ಟೆ ಒಗೆಯುವ ಯಂತ್ರದ್ದು.

ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರಗಳಲ್ಲಿ ಎಚ್ಚರಿಕೆ ಇತ್ತು: ಭೂಸಂಪರ್ಕವಿಲ್ಲದೆ ಈ ಯಂತ್ರವನ್ನು ಬಳಸಕೂಡದು. ಹುಡುಗಿ ಎದ್ದುಹೋಗಿ ಕಸೂತಿ ಬಟ್ಟೆ ಸರಿಸಿ ಪ್ಲಗ್ಗನ್ನು ನೋಡಿದಳು. ಮೂರು ಪಿನ್ನುಗಳಲ್ಲಿ ಒಂದು ಉಳಿದೆರಡಕ್ಕಿಂತ ದಪ್ಪ, ಉದ್ದವೂ ಹೆಚ್ಚು. ಹಾಗೆ ಮಾಡಿರುವುದು ಅಂದಕ್ಕಲ್ಲ. ಸಾಕೆಟ್ಟಿಗೆ ಸಿಕ್ಕಿಸುವಾಗ ಭೂಮಿಯ ಸಂಪರ್ಕ ಎಲ್ಲಕ್ಕಿಂತ ಮೊದಲು ಸಿಗಬೇಕು. ಕೀಳುವಾಗ ಎಲ್ಲಕ್ಕಿಂತ ಕೊನೆಗೆ ತಪ್ಪಬೇಕು. ಸೋದರಮಾವ ತಂದಿದ್ದ ಪರಿವರ್ತಕದಲ್ಲಿ ಆ ಪಿನ್ನಿಗೆ ತೂತೇನೋ ಇತ್ತು. ಆ ತೂತಿನಿಂದ ಮುಂದಕ್ಕೆ ದಾರಿ ಇರಲಿಲ್ಲ.

ಅಮ್ಮನ ಬೆರಳು ಜುಮ್ಮೆಂದದ್ದು ಅವಳಿಗೆ ಆಗ ನೆನಪಾಯಿತು.

ಇಂಥ ಯಂತ್ರಗಳೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲು ಪುಟ್ಟ ಧಾರಕಗಳನ್ನು ಇಟ್ಟಿರುವುದುಂಟು. ಅವುಗಳ ಮೂಲಕ ಅತಿ ಸಣ್ಣ ವಿದ್ಯುತ್ತು ಲೋಹದ ಕವಚಕ್ಕೆ ಸೋರುತ್ತದೆ. ಭೂಸಂಪರ್ಕವಿದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಕೈಯ ಮೂಲಕ ಇಳಿಯುತ್ತದೆ. ಸುಮಾರು 1 ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುವುದು ತಿಳಿಯುತ್ತದೆ. ಅಷ್ಟರಿಂದ ಪ್ರಾಣ ಹೋಗುವುದಿಲ್ಲ. ಅಪಾಯವಿರುವುದು ಮುಂದೆ. ಎಂದೋ ಒಂದು ದಿನ ಒಳಗಿನ ತಂತಿಯ ಹೊದಿಕೆ ಸವೆದು ಕವಚಕ್ಕೆ ತಾಗಿದರೆ, ಇಡೀ ಯಂತ್ರವೇ 230 ವೋಲ್ಟಿನ ತಂತಿಯಾಗುತ್ತದೆ. ಭೂಸಂಪರ್ಕವಿದ್ದರೆ ಭಾರಿ ವಿದ್ಯುತ್ತು ನೆಲಕ್ಕೆ ನುಗ್ಗಿ ಫ್ಯೂಸು ಕರಗುತ್ತದೆ. ಇಲ್ಲದಿದ್ದರೆ ಫ್ಯೂಸಿಗೆ ಏನೂ ತಿಳಿಯುವುದೇ ಇಲ್ಲ. ಒದ್ದೆ ನೆಲದಲ್ಲಿ, ಒದ್ದೆ ಕೈಯಲ್ಲಿ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಸುಮಾರು 10 ಮಿಲಿಆಂಪಿಯರಿಗೆ ಸ್ನಾಯು ಬಿಗಿದು ಹಿಡಿದ ಕೈಯನ್ನು ಬಿಡಲಾಗದೆ ಹೋಗಬಹುದು. ಕೆಲವು ಹತ್ತು ಮಿಲಿಆಂಪಿಯರ್ ಎದೆಯ ಮೂಲಕ ಹರಿದರೆ ಹೃದಯದ ಲಯವೇ ತಪ್ಪಬಹುದು.

ಹುಡುಗಿ ಇಷ್ಟನ್ನೂ ಆಗ ತಿಳಿದಿರಲಿಲ್ಲ. 'ಅಮ್ಮ ಹೆದರಿದ್ದು ಸರಿಯೇ ಆಗಿತ್ತು' ಎಂಬಷ್ಟು ಮಾತ್ರ ತಿಳಿದಿತ್ತು. ಆ ಸಂಜೆ ಅಪ್ಪನಿಗೆ ಅದನ್ನೇ ಹೇಳಿದಳು. ಒಳಗೆ ಒಗ್ಗರಣೆ ಹಾಕುತ್ತಿದ್ದ ತಾಯಿ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ಎರಡು ತಿಂಗಳ ಹಿಂದೆ ತಾವು ಆಡಿದ ಮಾತು ಯಜಮಾನರಿಗೆ ನೆನಪಿತ್ತೆಂದು ಕಾಣುತ್ತದೆ. ಅವರು ಹೆಂಡತಿಯ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಪರವಾನಗಿ ಇದ್ದ ವಿದ್ಯುತ್ ಕೆಲಸಗಾರರೊಬ್ಬರನ್ನು ಹುಡುಕಿಕೊಂಡು ಹೊರಟರು.

ಬಂದ ಕೆಲಸಗಾರರು ಪರೀಕ್ಷೆಯ ಬಲ್ಬೊಂದನ್ನು ಹಿಡಿದು ಮನೆಯ ಸಾಕೆಟ್ಟುಗಳನ್ನೆಲ್ಲ ನೋಡಿದರು. ಅಡುಗೆ ಮನೆಯಲ್ಲಿದ್ದ ಮೂರು ತೂತಿನ ಸಾಕೆಟ್ಟಿನಲ್ಲಿ ಎರಡು ಕೆಳಗಿನ ತೂತುಗಳ ನಡುವೆ ಬಲ್ಬು ಉರಿಯಿತು. ಮೇಲಿನ ದಪ್ಪ ತೂತಿಗೆ ಹಾಕಿದರೆ ಉರಿಯಲಿಲ್ಲ. ಅದರ ಹಿಂದೆ ತಂತಿಯೇ ಇರಲಿಲ್ಲ! ಇದು ಮಕ್ಕಳು ಮಾಡುವ ಪರೀಕ್ಷೆಯಲ್ಲ, ಬಲ್ಲವರೇ ಮಾಡಬೇಕು. ಹಿತ್ತಿಲಲ್ಲಿ ಗುಂಡಿ ತೋಡಿ, ಸತುವಿನ ಲೇಪವಿರುವ ಕೊಳವೆ ಹೂತು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಅಲ್ಲಿಂದ ಮನೆಯೊಳಗೆ ತಂತಿ ಎಳೆದರು. ಆಮೇಲೆ ದಪ್ಪ ತೂತಿಗೆ ಹಾಕಿದಾಗಲೂ ಬಲ್ಬು ಉರಿಯಿತು.

ಇನ್ನೊಂದು ತೊಡಕಿತ್ತು. ಯಂತ್ರಕ್ಕೆ ನೀರು ಒತ್ತಡದಿಂದ ಬರಬೇಕು. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ. ಬಚ್ಚಲ ಮನೆಯ ತಾರಸಿಯ ಮೇಲೆ ಕಲ್ಲಿನ ಕಂಬ ನಿಲ್ಲಿಸಿ, ಅದರ ಮೇಲೆ ಡ್ರಮ್ಮು ಕೂರಿಸಿದ ಮೇಲೆ ಸಾಕಾಗುವಷ್ಟು ಒತ್ತಡ ಸಿಕ್ಕಿತು. ಯುಗಾದಿ ಕಳೆದು ಬೇಸಿಗೆ ರಜೆ ಬರುವ ಹೊತ್ತಿಗೆ ಎಲ್ಲವೂ ಸಿದ್ಧವಾಯಿತು.

ಆದರೂ ಮನೆಯಾಕೆ ಗುಂಡಿ ಒತ್ತಲಿಲ್ಲ. 'ಅದರ ಮೇಲಿರೋದೆಲ್ಲ ಇಂಗ್ಲಿಷು. ನನಗೇನು ಗೊತ್ತಾಗುತ್ತೆ? ನೀವೇ ಹಾಕಿಕೊಡಿ' ಎಂದರು. ಮಗಳು ಒಂದು ಹಾಳೆ ತೆಗೆದುಕೊಂಡು ಕೈಪಿಡಿಯನ್ನು ತಾಯಿಯ ಮಾತಿಗೆ ಇಳಿಸಿದಳು. ಡಿಕ್ಷನರಿಯ ಕನ್ನಡದಲ್ಲಲ್ಲ, ಮನೆಯ ಕನ್ನಡದಲ್ಲಿ: 'ಒಂದನೇ ಗುಂಡಿ: ದಿನದ ಬಟ್ಟೆ. ಎರಡನೇದು: ಹೊದಿಕೆ, ಜಮಖಾನೆ. ಮೂರನೇದು: ರೇಷ್ಮೆ ಬೇಡವೇ ಬೇಡ, ಹಗುರ ಸೀರೆ ಮಾತ್ರ. ನಿಲ್ಲೋವರೆಗೂ ಮುಚ್ಚಳ ತೆಗೀಬೇಡ.' ಕೊನೆಯ ಸಾಲು: 'ಕೈ ಜುಮ್ ಅಂದರೆ ಮೇನ್ ಆರಿಸಿ, ನನ್ನನ್ನು ಕರಿ.' ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಯಂತ್ರದ ಮೇಲೆ ಅಂಟಿಸಿದಳು.

ತಾಯಿ ಅದನ್ನು ಎರಡು ಸಲ ಓದಿದರು. ಹೂವಿನ ಕುಂಡ ಇಳಿಸಿದರು, ಕಸೂತಿ ಬಟ್ಟೆಯನ್ನು ಮಡಚಿಟ್ಟರು. ಬೆರಳ ಹಿಂಬದಿಯಿಂದ ಕವಚವನ್ನು ಮೆಲ್ಲನೆ ಸೋಕಿ ನೋಡಿದರು. ಏನೂ ಆಗಲಿಲ್ಲ. ಒಂದನೇ ಗುಂಡಿ ಒತ್ತಿದರು. ಬಟ್ಟೆ ಒಗೆದು ಮುಗಿಯುವವರೆಗೆ ಬೇರೆ ಕೆಲಸವೇನೂ ಹೊಳೆಯದೆ ಮಣೆ ಹಾಕಿಕೊಂಡು ಅದರ ಎದುರಿಗೇ ಕುಳಿತಿದ್ದರು.

ಆ ಟಿವಿ ಮತ್ತು ವಿಸಿಆರ್ ಗುಜರಿಗೆ ಹೋಗಿ ಬಹಳ ವರ್ಷಗಳಾದವು. ಬಟ್ಟೆ ಒಗೆಯುವ ಯಂತ್ರವೂ ಎರಡು ಸಲ ಬದಲಾಗಿದೆ. ಸೋರುವ ವಿದ್ಯುತ್ತು 30 ಮಿಲಿಆಂಪಿಯರ್ ತಲುಪುವುದರೊಳಗೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು ಈಗ ಮನೆಯ ಫಲಕದಲ್ಲಿದೆ. ಅದನ್ನು ಹಾಕಿಸಿದ್ದು ಮಗಳೇ. ಹಿತ್ತಿಲ ಭೂಸಂಪರ್ಕದ ಗುಂಡಿ ಮಾತ್ರ ತುಳಸಿಕಟ್ಟೆಯ ಪಕ್ಕದಲ್ಲಿ ಅಂದಿನಂತೆಯೇ ಇದೆ. ಮಣ್ಣು ಒಣಗಿದರೆ ಅದು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಬೇಸಿಗೆಯಲ್ಲಿ ತುಳಸಿಗೆ ನೀರೆರೆದ ಮೇಲೆ ಆ ತಾಯಿ ಒಂದು ಬಿಂದಿಗೆಯನ್ನು ಅದಕ್ಕೂ ಹಾಕುತ್ತಾರೆ. ಯಾರೂ ನೆನಪಿಸಬೇಕಾಗಿಲ್ಲ.