ತೋಳಿನ ಮೇಲಿನ ಬಿಲ್ಲೆ

ಸಕ್ಕರೆ ಕಾಯಿಲೆಯಷ್ಟು ಸಭ್ಯವಾದ ಕಾಯಿಲೆ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಕೆಮ್ಮಿನಂತೆ ಅದು ಸಭೆಯ ನಡುವೆ ಮಾನ ಕಳೆಯುವುದಿಲ್ಲ. ಹಲ್ಲುನೋವಿನಂತೆ ರಾತ್ರಿಯೆಲ್ಲ ಕುಣಿಸುವುದಿಲ್ಲ. ತಿಂಗಳು ತಿಂಗಳೂ ತಪ್ಪದೆ ಬಾಡಿಗೆ ಕೊಡುವ ಸಂಸಾರದಂತೆ ಔಟ್‌ಹೌಸಿನಲ್ಲಿ ಸದ್ದಿಲ್ಲದೆ ಇದ್ದುಬಿಡುತ್ತದೆ. ಒಳಗೊಳಗೇ ಗೋಡೆ ಕೊರೆಯುತ್ತಿತ್ತೆಂದು ಯಜಮಾನನಿಗೆ ತಿಳಿಯುವುದು ಗಾರೆ ಉದುರಿದಾಗ. ನನ್ನಲ್ಲಿ ಅದು ಬಿಡಾರ ಹೂಡಿ 22 ವರ್ಷವಾಯಿತು. ಇನ್ಸುಲಿನ್ ಚುಚ್ಚಿಕೊಳ್ಳಲು ಆರಂಭಿಸಿ ಒಂಬತ್ತು.

ಈ ವೈಶಾಖದಲ್ಲಿ ನಮ್ಮ ಡಾಕ್ಟರು ಈ ಬಾಡಿಗೆದಾರನ ಮೇಲೆ ಒಬ್ಬ ಕಾವಲುಗಾರನನ್ನು ನೇಮಿಸಿದರು. ಹಳೆಯ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದಾದ ಒಂದು ಬಿಳಿಯ ಬಿಲ್ಲೆ. ತೋಳಿನ ಹಿಂಭಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಬಿಲ್ಲೆಯನ್ನು ಹೊತ್ತ ಸಾಧನವನ್ನು ಅಲ್ಲಿಟ್ಟು ಒತ್ತಿದರು. 'ಟಕ್' ಎಂದಿತು, ಅಷ್ಟೆ. ಸೂಜಿ ಹಿಂದಕ್ಕೆ ಬಂದು, ಕೂದಲಿನಂಥ ಒಂದು ಮೆತ್ತನೆಯ ತಂತು ಮಾತ್ರ ಚರ್ಮದ ಕೆಳಗೆ ಉಳಿಯುತ್ತದೆಯಂತೆ. ನೋವಾಗುತ್ತದೆಂದು ಹಲ್ಲು ಕಚ್ಚಿ ಕುಳಿತಿದ್ದವನಿಗೆ ನಿರಾಶೆಯೇ ಆಯಿತೆನ್ನಬೇಕು.

ಮೊದಲ ಒಂದು ಗಂಟೆ ಬಿಲ್ಲೆ ಮಾತನಾಡಲಿಲ್ಲ. ವರ್ಗವಾಗಿ ಬಂದ ತಹಸೀಲ್ದಾರರು ಕಡತ ನೋಡಿಕೊಳ್ಳುವ ಹಾಗೆ ಅದಕ್ಕೂ ಕೊಂಚ ಸಮಯ ಬೇಕು. ಆಮೇಲೆ ಮೊಬೈಲಿನಲ್ಲಿ ಒಂದು ಅಂಕೆ ಮೂಡಿತು: 146. ಪಕ್ಕದಲ್ಲಿ ಒಂದು ಬಾಣ. ಬಾಣ ಅಡ್ಡವಾಗಿದ್ದರೆ ಸಕ್ಕರೆ ನಿಂತಲ್ಲಿ ನಿಂತಿದೆ, ಮೇಲಕ್ಕಿದ್ದರೆ ಏರುತ್ತಿದೆ, ಕೆಳಕ್ಕಿದ್ದರೆ ಎಚ್ಚರ!

ಇದರ ಗುಟ್ಟು ಹಳೆಯದು. ತಂತುವಿನ ಮೇಲಿರುವ ಒಂದು ಕಿಣ್ವ ಗ್ಲೂಕೋಸಿನೊಡನೆ ಕೂಡಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಬಿಲ್ಲೆ ಅಳೆಯುತ್ತದೆ. ಕಿಣ್ವವನ್ನು ಹೀಗೆ ಬಳಸುವ ಉಪಾಯವನ್ನು 1962ರಲ್ಲೇ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಂಬಿಬ್ಬರು ಪ್ರಕಟಿಸಿದ್ದರು. ಆದರೆ ಒಂದು ಮಾತನ್ನು ಮರೆಯಬಾರದು. ಬಿಲ್ಲೆ ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಣ ದ್ರವವನ್ನು. ಕೆರೆಯ ತೂಬೆತ್ತಿದರೆ ಗದ್ದೆಗೆ ನೀರು ಮುಟ್ಟಲು ಹೊತ್ತು ಹಿಡಿಯುತ್ತದಷ್ಟೆ? ಹಾಗೆ ರಕ್ತದ ಸಮಾಚಾರ ಬಿಲ್ಲೆಗೆ ಐದು ಹತ್ತು ನಿಮಿಷ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಮೈ ಒಂದು ಹೇಳಿ ಬಿಲ್ಲೆ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ ನೋಡುವುದೇ ಸರಿ.

ಮೊದಲ ವಾರ ನಾನು ಗಂಟೆಗೆ ಹತ್ತು ಸಲ ಆ ಗೆರೆಯನ್ನು ನೋಡಿದೆ. ಎಷ್ಟೊಂದು ನಂಬಿಕೆಗಳು ಮಣ್ಣುಪಾಲಾದವು! ಮುದ್ದೆ ಉಂಡರೆ ಸಕ್ಕರೆ ಏರದೆಂದು ನಮ್ಮ ಕಡೆ ಪ್ರಮಾಣ ಮಾಡಿ ಹೇಳುವವರಿದ್ದಾರೆ. ನನ್ನ ಗೆರೆ ಮುದ್ದೆಗೂ ಅನ್ನಕ್ಕೂ ಹೆಚ್ಚಿನ ಭೇದವೆಣಿಸಲಿಲ್ಲ. ಏನೂ ತಿನ್ನದ ಬೆಳಗಿನ ಜಾವದಲ್ಲಿ ಅದು ತಾನಾಗಿಯೇ ಏರುತ್ತಿತ್ತು. ಮೈ ಏಳುವ ಹೊತ್ತಿಗೆ ಯಕೃತ್ತು ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತದೆಂದು ಡಾಕ್ಟರು ವಿವರಿಸಿದರು. ಊಟವಾದ ಮೇಲೆ ಪಾರ್ಕಿನಲ್ಲಿ ಇಪ್ಪತ್ತು ನಿಮಿಷ ಸುತ್ತಿದರೆ ಗೆರೆ ಬಾಗುವುದನ್ನು ಕಣ್ಣಾರೆ ಕಂಡೆ.

ಇದರಲ್ಲಿ ಒಂದು ಸಂಕಟವೂ ಉಂಟು. ಈ ಅಂಕೆಗಳು ಹೈದರಾಬಾದಿನಲ್ಲಿರುವ ಮಗಳ ಮೊಬೈಲಿಗೂ ಹೋಗುತ್ತವೆ. ಒಂದು ಮದುವೆಯಲ್ಲಿ ಬಲವಂತಕ್ಕೆ ಅರ್ಧ ಚಿರೋಟಿ, ಅದರ ಮೇಲೆ ಬಾದಾಮಿ ಹಾಲು ಆಯಿತು. ತಾಂಬೂಲ ಹಿಡಿದು ಛತ್ರದ ಮೆಟ್ಟಿಲು ಇಳಿಯುವುದರೊಳಗೆ ಫೋನು: "ಅಪ್ಪಾ, ಊಟ ಜೋರಾಗಿತ್ತೇನೋ?" ಗೃಹಸ್ಥನಾದವನ ಹೊಟ್ಟೆ ಹೀಗೆ ತೆರೆದ ಪುಸ್ತಕವಾಗಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ.

ನನ್ನ ತಂದೆಯವರಿಗೂ ಇದೇ ಕಾಯಿಲೆಯಿತ್ತು. ಗಾಜಿನ ಸಿರಿಂಜನ್ನು ಕುದಿಸಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಕಾಲ. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟನ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಸೇರಿಸಿ ಕಾಯಿಸುವರು. ಹಸುರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಕೆಂಪಾದಷ್ಟೂ ಸಕ್ಕರೆ ಹೆಚ್ಚು. ನೀಲಿ ನೀಲಿಯಾಗಿಯೇ ಉಳಿದ ದಿನ ಅಮ್ಮ ದೇವರಿಗೆ ಒಂದು ಹೂವು ಹೆಚ್ಚು ಏರಿಸುವಳು. ರಕ್ತದಲ್ಲಿ ಸುಮಾರು 180 ದಾಟಿದ ಮೇಲೆಯೇ ಮೂತ್ರದಲ್ಲಿ ಸಕ್ಕರೆ ಕಾಣುವುದು. ಅಂದರೆ 150 ಇದ್ದರೂ ನೀಲಿ, 50ಕ್ಕೆ ಕುಸಿದಿದ್ದರೂ ನೀಲಿ. ಕೆಲವು ದಿನ ಊಟಕ್ಕೆ ಮುಂಚೆ ಅಪ್ಪ ವಿನಾ ಕಾರಣ ಸಿಡುಕುವರು, ಬೆವರುವರು, ತಟ್ಟೆಯನ್ನು ತಳ್ಳುವರು. ಅದು ಅವರ ಸ್ವಭಾವವೆಂದು ನಾವು ಮಕ್ಕಳು ಹೆದರಿ ದೂರವಿರುತ್ತಿದ್ದೆವು. ಆ ನೀಲಿ ದಿನಗಳಲ್ಲಿ ಎಷ್ಟು ದಿನ ಅವರಿಗೆ ಸಿಟ್ಟು ಬಂದಿತ್ತೋ, ಎಷ್ಟು ದಿನ ಸಕ್ಕರೆ ಇಳಿದಿತ್ತೋ, ಈಗ ಯಾರನ್ನು ಕೇಳಲಿ?

2021ರ ಒಂದು ರಾತ್ರಿ ನನಗೂ ಹಾಗಾಯಿತು. ಹಾಸಿಗೆ ಒದ್ದೆಯಾಗುವಂತೆ ಬೆವತು ಏನೇನೋ ಬಡಬಡಿಸುತ್ತಿದ್ದೆನಂತೆ. ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡವಳು ನಮ್ಮಾಕೆ. ಅಂದಿನಿಂದ ರಾತ್ರಿ ಎರಡಕ್ಕೆ ಆಕೆಗೆ ತಾನಾಗಿ ಎಚ್ಚರ. ಕತ್ತಲಲ್ಲಿ ಒಂದು ಕೈ ಬಂದು ನನ್ನ ಕುತ್ತಿಗೆ ಮುಟ್ಟಿ, ಬೆವರಿಲ್ಲವೆಂದು ನೋಡಿಕೊಂಡು ಹಿಂದಿರುಗುತ್ತಿತ್ತು. ನಾನು ನಿದ್ದೆ ಬಂದವನಂತೆ ಇರುತ್ತಿದ್ದೆ.

ಬಿಲ್ಲೆ ಬಂದ ಮೊದಲ ರಾತ್ರಿಯೇ ಅದು ಕೂಗಿಕೊಂಡಿತು. ಬೆರಳು ಚುಚ್ಚಿದರೆ 118. ಬಿಲ್ಲೆಯ ಮೇಲೆ ಮಗ್ಗುಲಾಗಿ ಮಲಗಿ ತೋಳು ಅದುಮಿದರೆ ಅದು ಸುಳ್ಳೇ ಕಡಿಮೆ ತೋರಿಸುತ್ತದೆಯಂತೆ. "ಇದಕ್ಕಿಂತ ನನ್ನ ಕೈಯೇ ವಾಸಿ" ಎಂದಳು. ಹನ್ನೊಂದನೆಯ ರಾತ್ರಿ ಮತ್ತೆ ಕೂಗಿತು: 64, ಬಾಣ ಕೆಳಕ್ಕೆ. ಈ ಸಲ ಬೆರಳೂ ಹೌದೆಂದಿತು. ಆದರೆ ನನಗೆ ಬೆವರಿರಲಿಲ್ಲ, ನಡುಕವಿರಲಿಲ್ಲ. ಕೈ ಬಂದು ಮುಟ್ಟಿದ್ದರೆ ಸಮಾಧಾನದಿಂದ ಹಿಂದಿರುಗುತ್ತಿತ್ತು. ಆಕೆ ಮೂರು ಚಮಚ ಸಕ್ಕರೆ ಕದಡಿ ಕೊಟ್ಟಳು. ಏನೂ ಮಾತನಾಡಲಿಲ್ಲ. ಮರುದಿನದಿಂದ ಎರಡು ಗಂಟೆಗೆ ಕೈ ಬರಲಿಲ್ಲ. ಪಕ್ಕದಿಂದ ಸಣ್ಣ ಗೊರಕೆ ಕೇಳಿಸಿತು.

ಎರಡು ವಾರಕ್ಕೆ ಬಿಲ್ಲೆಯ ಆಯುಸ್ಸು ಮುಗಿಯುತ್ತದೆ. ಕಿತ್ತು ಹಾಕಿದೆವು. ಹೊಸದಕ್ಕೆ ನಾಲ್ಕೈದು ಸಾವಿರ ರೂಪಾಯಿ. ತಿಂಗಳಿಗೆ ಎರಡೆಂದರೆ ಪಿಂಚಣಿದಾರನಿಗೆ ಸಣ್ಣ ಲೆಕ್ಕವಲ್ಲ. "ಈಗ ಸಾಕು, ಆಗಾಗ ಹಾಕಿಸಿಕೊಂಡರಾಯಿತು" ಎಂದವಳು ಆಕೆಯೇ. ಆ ರಾತ್ರಿ ಎರಡು ಗಂಟೆಗೆ ಕೈ ಬಂತು.

ಬೆಳಿಗ್ಗೆ ಕಾಫಿ ಮುಗಿಸಿ ಔಷಧದ ಅಂಗಡಿಗೆ ಹೋದೆ. ದಾಸ್ತಾನಿಲ್ಲ, ತರಿಸಬೇಕು, ಎಷ್ಟು ಬೇಕು ಎಂದರು. ಎರಡು ಎಂದೆ.